ಮನೆಯಲ್ಲೇ ಕಟ್ಟಿದ ಮ್ಯೂಸಿಕ್ ಪ್ಲೇಯರ್: ದೋಷ ಹುಡುಕುವ ಕ್ರಮ, ಬೆಲೆ ಕಟ್ಟುವ ಲೆಕ್ಕ

ಕಾಫಿ ತೋಟದ ಒಳಗೆ ನೆಟ್‌ವರ್ಕ್ ಸಿಗುವುದು ಎಲ್ಲೋ ಒಂದೆರಡು ಕಡೆ. ಮಳೆಗಾಲದಲ್ಲಿ ಕರೆಂಟ್ ಹೋಯಿತೆಂದರೆ ಅದೂ ಇಲ್ಲ. ಹಾಗಾಗಿ ಮೆಮೊರಿ ಕಾರ್ಡ್‌ನಿಂದಲೇ ಹಾಡುವ ಪುಟ್ಟ ಪ್ಲೇಯರ್‌ಗೆ ಕೊಡಗಿನಲ್ಲಿ ಇಂದಿಗೂ ಬೇಡಿಕೆ ಇದೆ. ಲೈನ್ ಮನೆಗಳಲ್ಲಿ (ತೋಟದ ಕಾರ್ಮಿಕರ ಸಾಲುಮನೆಗಳು) ಇರುವವರು ಕೇಳುತ್ತಾರೆ, ಮೊಬೈಲ್ ಪರದೆ ಕಣ್ಣಿಗೆ ಒಗ್ಗದ ಹಿರಿಯರು ಕೇಳುತ್ತಾರೆ, ಮನೆಯ ಅಜ್ಜ ಹಾಡಿದ ಬಾಳೋಪಾಟನ್ನು (ಕೊಡವರ ಸಾಂಪ್ರದಾಯಿಕ ಹಾಡು) ರೆಕಾರ್ಡ್ ಮಾಡಿ ಇಟ್ಟುಕೊಂಡವರು ಕೇಳುತ್ತಾರೆ. ವಿರಾಜಪೇಟೆ ಕಡೆ ನಾನು ಇಂಥವನ್ನು ಕಟ್ಟಿಕೊಡುತ್ತೇನೆ, ಬೇರೆಯವರು ಕಟ್ಟಿದ್ದನ್ನು ರಿಪೇರಿ ಮಾಡುತ್ತೇನೆ. ಈಚೆಗೆ ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗ ಹುಡುಗಿಯರೂ ಕಟ್ಟಿ ಮಾರಲು ಮುಂದಾಗಿದ್ದಾರೆ. ಈ ಬರಹ ಮುಖ್ಯವಾಗಿ ಅವರಿಗೆ.

ರಿಪೇರಿಗೆ ಬರುವ ಪ್ಲೇಯರ್‌ಗಳಲ್ಲಿ ಹಾಡು ಓದುವ ಚಿಪ್ ಕೆಟ್ಟಿರುವುದು ಅಪರೂಪ. ಕೆಟ್ಟಿರುವುದು ಸೆಲ್‌ನಿಂದ ಆ ಚಿಪ್‌ವರೆಗೆ ಕರೆಂಟ್ ಹರಿಯುವ ದಾರಿ: ಸೆಲ್, ಸ್ವಿಚ್, ಬೆಸುಗೆ, ತೆಳು ವೈರ್. ಬೆಲೆ ತಗ್ಗಿಸಲು ಹೊರಟವರು ಮೊದಲು ಕೈಯಿಡುವುದೂ ಇವುಗಳ ಮೇಲೆಯೇ. ಆದ್ದರಿಂದ ದೋಷದ ಮಾತು, ಬೆಲೆಯ ಮಾತು ಎರಡನ್ನೂ ಇಲ್ಲಿ ಒಟ್ಟಿಗೇ ಹೇಳುತ್ತೇನೆ.

ಯಾವ ಪ್ಲೇಯರ್ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳೋಣ. ಒಂದು 18650 ಲಿಥಿಯಂ ಸೆಲ್, ಅದನ್ನು ಚಾರ್ಜ್ ಮಾಡಲು ಟಿಪಿ4056 ಚಿಪ್ ಇರುವ, ರಕ್ಷಣಾ ಸರ್ಕ್ಯೂಟ್ ಸೇರಿದ ಬೋರ್ಡ್, ಒಂದು ಸ್ಲೈಡ್ ಸ್ವಿಚ್, ಹಾಡು ಓದಲು ಡಿಎಫ್‌ಪ್ಲೇಯರ್ ಮಿನಿ ಮಾಡ್ಯೂಲ್, ಎರಡು ಗುಂಡಿ, 3 ವಾಟ್‌ನ ಸ್ಪೀಕರ್, ಇಯರ್‌ಫೋನ್ ಜ್ಯಾಕ್. ಮೈಕ್ರೋಕಂಟ್ರೋಲರ್ ಬೇಡ. ಮಾಡ್ಯೂಲ್‌ನ ಐಒ1, ಐಒ2 ಪಿನ್‌ಗಳಿಂದ ಗ್ರೌಂಡ್‌ಗೆ, ಅಂದರೆ ನೆಗೆಟಿವ್ ಪಿನ್‌ಗೆ, ಒಂದೊಂದು ಗುಂಡಿ ಹಾಕಿದರೆ ಸಾಕು: ಚುಟುಕಾಗಿ ಒತ್ತಿದರೆ ಹಿಂದಿನ ಅಥವಾ ಮುಂದಿನ ಹಾಡು, ಒತ್ತಿ ಹಿಡಿದರೆ ದನಿ ತಗ್ಗುತ್ತದೆ ಅಥವಾ ಏರುತ್ತದೆ. ವೋಲ್ಟೇಜ್ ಏರಿಸುವ ಬೂಸ್ಟ್ ಬೋರ್ಡ್ ಕೂಡ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಈ ಮಾಡ್ಯೂಲ್ 3.2ರಿಂದ 5 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ, ತುಂಬಿದ ಸೆಲ್ 4.2 ವೋಲ್ಟ್ ಕೊಡುತ್ತದೆ. ನಡುವೆ ಇನ್ನೊಂದು ಬೋರ್ಡ್ ಸೇರಿಸಿದರೆ ಖರ್ಚೂ ಹೆಚ್ಚು, ಸ್ಪೀಕರ್‌ನಲ್ಲಿ ಕೀಚಲು ಸದ್ದೂ ಹೆಚ್ಚು.

ಮೊದಲ ನೋಟ: ದೀಪ ಉರಿಯುತ್ತಿದೆಯೇ?

ಮಾಡ್ಯೂಲ್ ಮೇಲೆ ಒಂದು ಸಣ್ಣ ಎಲ್‌ಇಡಿ ಇದೆ. ಹಾಡು ನಡೆಯುತ್ತಿರುವಾಗ ಅದು ಉರಿಯುತ್ತದೆ. ದೀಪ ಉರಿಯುತ್ತಿದ್ದು ಸದ್ದು ಬರದಿದ್ದರೆ ಕಾರ್ಡ್, ಸೆಲ್ ಎರಡನ್ನೂ ಬಿಟ್ಟು ಸ್ಪೀಕರ್ ಕಡೆ ನೋಡಿ. ದೀಪವೇ ಉರಿಯದಿದ್ದರೆ ಸ್ಪೀಕರ್ ಮುಟ್ಟಬೇಡಿ. ಮಾಡ್ಯೂಲ್‌ನ ವಿಸಿಸಿ (ಪಾಸಿಟಿವ್) ಮತ್ತು ಗ್ರೌಂಡ್ ಪಿನ್‌ಗಳ ನಡುವೆ ಮಲ್ಟಿಮೀಟರ್‌ನಿಂದ ವೋಲ್ಟೇಜ್ ಅಳೆಯಿರಿ. ಅಲ್ಲಿ 3.4ಕ್ಕಿಂತ ಹೆಚ್ಚು ಇದ್ದೂ ದೀಪ ಉರಿಯದಿದ್ದರೆ ಕಾರ್ಡ್ ನೋಡಿ, ಕಡಿಮೆ ಇದ್ದರೆ ಸೆಲ್‌ನ ಕಡೆಗೆ ಹಿಂದೆ ಹೋಗಿ. ಇಷ್ಟರಲ್ಲೇ ಅರ್ಧ ಹುಡುಕಾಟ ಮುಗಿಯುತ್ತದೆ. ಇದನ್ನು ಬಿಟ್ಟು ನೇರವಾಗಿ ಮಾಡ್ಯೂಲ್ ಕಿತ್ತು ಹೊಸದು ಹಾಕುವವರೇ ಹೆಚ್ಚು, ಹೊಸದೂ ಹಾಗೆಯೇ ನಡೆದುಕೊಂಡಾಗ ಕಂಗಾಲಾಗುತ್ತಾರೆ.

ದನಿ ಜೋರಾದಾಗ ನಿಂತು, ಮತ್ತೆ ಮೊದಲಿನಿಂದ ಶುರುವಾಗುವ ಹಾಡು

ಅತಿ ಹೆಚ್ಚು ಬರುವ ದೂರು ಇದು. ಮೆಲ್ಲಗೆ ಇಟ್ಟರೆ ಚೆನ್ನಾಗಿ ಹಾಡುತ್ತದೆ, ದನಿ ಏರಿಸಿದರೆ ನಡುವೆ ಟಕ್ ಎಂದು ನಿಂತು ಮೊದಲ ಹಾಡಿಗೇ ಮರಳುತ್ತದೆ. ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುವ ಹಾಡುಗಳಲ್ಲಿ ಬೇಗ ಕಾಣಿಸುತ್ತದೆ, ಏಕೆಂದರೆ ದುಡಿಯ ಒಂದೊಂದು ಹೊಡೆತವೂ ಕ್ಷಣಮಾತ್ರದಲ್ಲಿ ದೊಡ್ಡ ಕರೆಂಟ್ ಎಳೆಯುತ್ತದೆ. 4 ಓಮ್ ಸ್ಪೀಕರ್‌ಗೆ 4 ವೋಲ್ಟ್ ಸಿಕ್ಕಿದ ಗಳಿಗೆಯಲ್ಲಿ ಹರಿಯುವುದು 1 ಆಂಪಿಯರ್. ದಾರಿಯಲ್ಲಿ ಒಟ್ಟು ಅರ್ಧ ಓಮ್ ತಡೆ ಇದ್ದರೂ ಆ ಕ್ಷಣಕ್ಕೆ ಅರ್ಧ ವೋಲ್ಟ್ ಅಲ್ಲೇ ಕರಗುತ್ತದೆ. ಸೆಲ್ 3.7ರಲ್ಲಿ ಇದ್ದರೆ ಮಾಡ್ಯೂಲ್‌ಗೆ ತಲುಪುವುದು 3.2. ಚಿಪ್ ರೀಸೆಟ್ ಆಗುತ್ತದೆ, ಕಾರ್ಡನ್ನು ಮತ್ತೆ ಮೊದಲಿನಿಂದ ಓದುತ್ತದೆ.

ಹಾಡು ನಿಂತ ಮೇಲೆ ಮೀಟರ್ ಹಿಡಿದರೆ ಎಲ್ಲ ಕಡೆ 3.7 ತೋರಿಸುತ್ತದೆ, ದೋಷ ಎಲ್ಲಿಯೂ ಕಾಣುವುದಿಲ್ಲ. ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಹಾಡು ಏರಿಳಿಯುವುದರಿಂದ ಮೀಟರಿನ ಅಂಕಿಯೂ ನಿಲ್ಲುವುದಿಲ್ಲ. ಅದಕ್ಕಾಗಿ ನಾನು ಕಂಪ್ಯೂಟರ್‌ನಲ್ಲಿ ಆಡಾಸಿಟಿ ತಂತ್ರಾಂಶದಿಂದ 1000 ಹರ್ಟ್ಸ್‌ನ ಒಂದೇ ಸಮನೆ ಕೂಗುವ ಸ್ವರವನ್ನು ಎಂಪಿ3 ಮಾಡಿ ಪರೀಕ್ಷೆಯ ಕಾರ್ಡ್‌ನಲ್ಲಿ ಇಟ್ಟುಕೊಂಡಿದ್ದೇನೆ. ಅದನ್ನು ಪೂರ್ತಿ ದನಿಯಲ್ಲಿ ಹಾಕಿ ಅಳೆಯಿರಿ. ಕೆಲವೇ ಸೆಕೆಂಡು ಸಾಕು, ಹೆಚ್ಚು ಹೊತ್ತು ಬಿಟ್ಟರೆ ಸ್ಪೀಕರ್ ಸುರುಳಿ ಬಿಸಿಯಾಗುತ್ತದೆ.

ಮೀಟರನ್ನು ಡಿಸಿ ವೋಲ್ಟೇಜ್‌ನ ಸಣ್ಣ ಅಳತೆಗೆ ಇಡಿ. ಸ್ವರ ಕೂಗುತ್ತಿರುವಾಗ ಕಪ್ಪು ಕಡ್ಡಿಯನ್ನು ಸೆಲ್‌ನ ನೆಗೆಟಿವ್ ತುದಿಗೇ ಒತ್ತಿ ಹಿಡಿಯಿರಿ; ವೈರ್‌ಗಲ್ಲ, ಸೆಲ್‌ನ ಲೋಹಕ್ಕೆ. ಕೆಂಪು ಕಡ್ಡಿಯನ್ನು ಮಾಡ್ಯೂಲ್‌ನ ಗ್ರೌಂಡ್ ಪಿನ್‌ಗೆ ಹಿಡಿಯಿರಿ. ಎರಡೂ ನೆಗೆಟಿವ್, ನಡುವೆ ಏನೂ ಇರಬಾರದು ಎಂದು ತೋರುತ್ತದೆ. ಆದರೆ ರಕ್ಷಣಾ ಸರ್ಕ್ಯೂಟ್ ನೆಗೆಟಿವ್ ದಾರಿಯಲ್ಲೇ ಕುಳಿತಿರುವುದರಿಂದ 0.03, 0.05 ವೋಲ್ಟ್ ಬರುವುದು ಸಹಜ. 0.15 ದಾಟಿದರೆ ಅಲ್ಲೊಂದು ಕೆಟ್ಟ ಬೆಸುಗೆಯೋ ಕೂದಲೆಳೆಯಂಥ ವೈರೋ ಇದೆ. ಕೆಂಪು ಕಡ್ಡಿಯನ್ನು ಮಾಡ್ಯೂಲ್‌ನಿಂದ ಸೆಲ್‌ನ ಕಡೆಗೆ ಒಂದೊಂದೇ ಜೋಡಣೆ ಹಿಂದೆ ಸರಿಸುತ್ತ ಬನ್ನಿ. ಯಾವ ಜೋಡಣೆ ದಾಟಿದ ಕೂಡಲೇ ಅಂಕಿ ಇಳಿಯುತ್ತದೆಯೋ ಅದೇ ಕಳ್ಳ. ಪಾಸಿಟಿವ್ ಬದಿಯಲ್ಲೂ ಹೀಗೆಯೇ ಮಾಡಿ: ಸೆಲ್‌ನ ಪಾಸಿಟಿವ್‌ನಿಂದ ಸ್ವಿಚ್‌ನ ಒಳಗಾಲಿಗೆ, ಹೊರಗಾಲಿಗೆ, ವಿಸಿಸಿ ಪಿನ್‌ಗೆ.

ಬಹಳ ಸಲ ಕಳ್ಳ ಸಿಗುವುದು ಸ್ವಿಚ್‌ನಲ್ಲಿ. ಕೈಗೆ ಸಿಗುವ ಪುಟ್ಟ ಸ್ಲೈಡ್ ಸ್ವಿಚ್‌ಗಳ ಮಿತಿ ಸಾಮಾನ್ಯವಾಗಿ 0.3 ಅಥವಾ 0.5 ಆಂಪಿಯರ್. ಹೊಸದಿರುವಾಗ ನಡೆಯುತ್ತದೆ, ಒಂದು ಮಳೆಗಾಲ ಕಳೆದ ಮೇಲೆ ಒಳಗಿನ ಲೋಹ ಮಂಕಾಗಿ ತಡೆ ಏರುತ್ತದೆ. ಎರಡು ಸಾಲು ಕಾಲುಗಳಿರುವ ಸ್ವಿಚ್ ತಂದು ಎರಡೂ ಸಾಲನ್ನು ಜೊತೆಯಾಗಿ ಬೆಸೆದರೆ ಭಾರ ಹಂಚಿಹೋಗುತ್ತದೆ. ಇಲ್ಲಿ ಉಳಿಸಲು ಹೋಗುವ ಕೆಲವು ರೂಪಾಯಿಗೆ ಅರ್ಥವೇ ಇಲ್ಲ.

ದಾರಿಯಲ್ಲಿ ಎಲ್ಲವೂ ಸರಿಯಿದ್ದರೆ ಸೆಲ್ ನೋಡಿ. ಸ್ವಿಚ್ ಆರಿಸಿ ಸೆಲ್‌ನ ವೋಲ್ಟೇಜ್ ಬರೆದುಕೊಳ್ಳಿ, ಸ್ವರ ಕೂಗುವಾಗ ಮತ್ತೆ ಬರೆದುಕೊಳ್ಳಿ, ವ್ಯತ್ಯಾಸವನ್ನು ಹರಿಯುತ್ತಿರುವ ಕರೆಂಟಿನಿಂದ ಭಾಗಿಸಿ. ಉದಾಹರಣೆಗೆ 3.90 ಇದ್ದದ್ದು 0.5 ಆಂಪಿಯರ್ ಎಳೆದಾಗ 3.70ಕ್ಕೆ ಇಳಿದರೆ ಸೆಲ್‌ನ ಒಳತಡೆ 0.4 ಓಮ್. ಒಳ್ಳೆಯ ಹೊಸ ಸೆಲ್‌ನಲ್ಲಿ ಇದು 0.1ಕ್ಕಿಂತ ಕಡಿಮೆ ಇರುತ್ತದೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದ ಸೆಲ್‌ಗಳಲ್ಲಿ ಅರ್ಧಕ್ಕರ್ಧ ಇಲ್ಲಿಯೇ ಸೋಲುತ್ತವೆ. ಹೊದಿಕೆಯ ಮೇಲೆ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಎಂದು ಅಚ್ಚಾದ ಸೆಲ್‌ಗಳನ್ನಂತೂ ಮನೆಗೇ ತರಬೇಡಿ. ಈ ಅಳತೆಯ ಸೆಲ್‌ನಲ್ಲಿ ಹೆಸರಾಂತ ತಯಾರಕರು ಸಾಮಾನ್ಯವಾಗಿ ಕೊಡುವುದೇ 3500ರ ಆಸುಪಾಸಿನವರೆಗೆ. ತಕ್ಕಡಿಯಲ್ಲಿ ಇಟ್ಟರೆ ಒಳ್ಳೆಯ ಸೆಲ್ 45 ಗ್ರಾಂ ಸುತ್ತಮುತ್ತ ತೂಗುತ್ತದೆ, ನಕಲಿಯದು ಎಷ್ಟೋ ಸಲ ಹಗುರವಾಗಿ ಸಿಕ್ಕಿಬೀಳುತ್ತದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಗುರುತು ನೋಡಿ ಕೊಳ್ಳಿ, ಲಿಥಿಯಂ ಸೆಲ್‌ಗಳಿಗೆ ಐಎಸ್ 16046 ಎಂಬ ಮಾನದಂಡ ಇದೆ.

ಕೊನೆಯದಾಗಿ, ಮಾಡ್ಯೂಲ್‌ನ ವಿಸಿಸಿ ಮತ್ತು ಗ್ರೌಂಡ್ ಪಿನ್‌ಗಳಿಗೆ ತಾಗಿಯೇ 1000 ಮೈಕ್ರೋಫ್ಯಾರಡ್, 10 ವೋಲ್ಟ್‌ನ ಕೆಪಾಸಿಟರ್ ಬೆಸೆಯಿರಿ. ಹೊಡೆತದ ಕ್ಷಣದ ಹಸಿವನ್ನು ಅದು ಸ್ವಲ್ಪ ನೀಗಿಸುತ್ತದೆ. ಆದರೆ ಕೆಟ್ಟ ಬೆಸುಗೆಗೆ ಇದು ಮದ್ದಲ್ಲ. 4 ಓಮ್ ಬದಲು 8 ಓಮ್ ಸ್ಪೀಕರ್ ಹಾಕಿದರೆ ಕರೆಂಟ್ ಅರ್ಧವಾಗುತ್ತದೆ, ದನಿ ಸ್ವಲ್ಪ ತಗ್ಗುತ್ತದೆ, ಆದರೆ ಲೈನ್ ಮನೆಯ ಒಂದು ಕೋಣೆಗೆ ಧಾರಾಳ ಸಾಕು. ನಾನು ಈಗ ಹಾಕುವುದು 8 ಓಮ್‌ನದೇ.

ಸ್ಪೀಕರ್ ಒದರುತ್ತಿದೆ, ಮಾಡ್ಯೂಲ್ ಸುಡುತ್ತಿದೆ

ಸ್ಪೀಕರ್‌ನ ಎರಡು ಪಿನ್‌ಗಳಲ್ಲಿ ಯಾವುದೂ ಗ್ರೌಂಡ್ ಅಲ್ಲ. ಎರಡೂ ಜೀವಂತ ತುದಿಗಳು, ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಅವುಗಳಲ್ಲಿ ಒಂದನ್ನು ಗ್ರೌಂಡ್‌ಗೆ ಸೇರಿಸಿದರೆ ಆಂಪ್ಲಿಫೈಯರ್ ಚಿಪ್ ಬೆರಳಿಡಲಾಗದಷ್ಟು ಕಾಯುತ್ತದೆ. ಸ್ಪೀಕರ್ ಪಿನ್‌ಗಳಿಂದ ಇಯರ್‌ಫೋನ್ ಜ್ಯಾಕ್‌ಗೆ ವೈರ್ ಎಳೆದವರು ಬೀಳುವುದು ಇದೇ ಹೊಂಡಕ್ಕೆ. ಪರೀಕ್ಷೆ ಸುಲಭ: ಹಾಡು ಮೆಲ್ಲಗೆ ನಡೆಯುತ್ತಿರುವಾಗ ಗ್ರೌಂಡ್‌ನಿಂದ ಒಂದೊಂದು ಸ್ಪೀಕರ್ ಪಿನ್‌ಗೂ ಡಿಸಿ ಅಳೆಯಿರಿ. ಎರಡೂ ಕಡೆ ಸೆಲ್ ವೋಲ್ಟೇಜ್‌ನ ಸುಮಾರು ಅರ್ಧ ಇರಬೇಕು, ಪರಸ್ಪರ ಸಮನಾಗಿರಬೇಕು. ಒಂದು ಸೊನ್ನೆಯಾಗಿದ್ದು ವೈರ್ ಬಿಚ್ಚಿದ ಮೇಲೂ ಹಾಗೆಯೇ ಉಳಿದರೆ ಆಂಪ್ಲಿಫೈಯರ್ ಹೋಗಿದೆ. ಸ್ಪೀಕರನ್ನು ಬಿಡಿಯಾಗಿ ಅಳೆದಾಗ 8 ಓಮ್‌ನದು 7ರ ಸುತ್ತ ತೋರಿಸಿದರೆ ಸರಿಯಿದೆ ಎಂದೇ ಲೆಕ್ಕ.

ಇಯರ್‌ಫೋನ್‌ನಲ್ಲಿ ಹಾಡುಗಾರರ ದನಿಯೇ ಇಲ್ಲ

ವಾದ್ಯಗಳು ಎಲ್ಲೋ ಗುಹೆಯೊಳಗಿನಿಂದ ಕೇಳಿದಂತೆ ಬರುತ್ತವೆ, ಹಾಡುವವರು ಮಾಯ. ಗಿರಾಕಿಗಳು ಇದನ್ನು ಹಾಡಿನ ಫೈಲ್ ಕೆಟ್ಟಿದೆ ಎಂದೇ ತಿಳಿಯುತ್ತಾರೆ. ಆದರೆ ದೋಷ ಇರುವುದು ಜ್ಯಾಕ್‌ನ ಗ್ರೌಂಡ್ ಕಾಲಿನಲ್ಲಿ. ಅದು ಬಿಟ್ಟುಹೋದಾಗ ಎಡ ಬಲ ಎರಡೂ ಕಿವಿಯ ಸ್ಪೀಕರ್‌ಗಳು ಸಾಲಾಗಿ ಸೇರಿ, ಎಡ ಬಲಗಳ ನಡುವಿನ ವ್ಯತ್ಯಾಸ ಮಾತ್ರ ಕೇಳಿಸುತ್ತದೆ. ಸ್ಟುಡಿಯೋದಲ್ಲಿ ಹಾಡುಗಾರರ ದನಿಯನ್ನು ಎರಡೂ ಕಡೆಗೆ ಸಮನಾಗಿ ಕೂಡಿಸುವುದರಿಂದ ಅದು ಕಳೆದು ಸೊನ್ನೆಯಾಗುತ್ತದೆ. ಮೊಬೈಲ್‌ನಲ್ಲಿ ಮೋನೋ ಆಗಿ, ಅಂದರೆ ಎಡ ಬಲ ಎರಡಕ್ಕೂ ಒಂದೇ ದನಿಯಾಗಿ, ರೆಕಾರ್ಡ್ ಮಾಡಿದ ಅಜ್ಜನ ಪಾಟ್ ಹಾಕಿದರೆ ಬಹುಮಟ್ಟಿಗೆ ಏನೂ ಕೇಳುವುದಿಲ್ಲ. ಹೀಗೆ ಸಿನಿಮಾ ಹಾಡು ಅರ್ಧ ಕೇಳಿ, ಮೋನೋ ರೆಕಾರ್ಡಿಂಗ್ ಪೂರ್ತಿ ಕಾಣೆಯಾದರೆ ಮೀಟರ್ ಹಿಡಿಯುವ ಮುನ್ನವೇ ಜ್ಯಾಕ್‌ನ ಗ್ರೌಂಡ್ ಬೆಸುಗೆ ಕಾಯಿಸಿ.

ದನಿ ಇದ್ದೂ ತೆಳುವಾಗಿದ್ದರೆ, ಮಂದ್ರವೇ ಇಲ್ಲದಿದ್ದರೆ, ಮಾಡ್ಯೂಲ್‌ನ ಡ್ಯಾಕ್ ಪಿನ್‌ಗಳಿಂದ (ಇಯರ್‌ಫೋನ್‌ಗೆ ದನಿ ಹೊರಬರುವ ಪಿನ್‌ಗಳು) ಜ್ಯಾಕ್‌ಗೆ ಹೋಗುವ ಕೆಪಾಸಿಟರ್ ನೋಡಿ. 32 ಓಮ್ ಇಯರ್‌ಫೋನ್‌ಗೆ 10 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 500 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೋರಿಹೋಗುತ್ತದೆ. 220 ಹಾಕಿದರೆ ಆ ಗಡಿ 23 ಹರ್ಟ್ಸ್‌ಗೆ ಇಳಿಯುತ್ತದೆ.

ಚಾರ್ಜಿಂಗ್‌ನ ದೂರುಗಳು

ಕೆಂಪು ದೀಪ ನೀಲಿಗೆ ತಿರುಗುವುದೇ ಇಲ್ಲ ಎಂದರೆ ಮೊದಲು ಕೇಳಬೇಕಾದದ್ದು, ಹಾಡು ಹಾಕಿಕೊಂಡೇ ಚಾರ್ಜ್ ಮಾಡುತ್ತೀರಾ ಎಂದು. ಟಿಪಿ4056 ತನ್ನಿಂದ ಹೊರಹೋಗುವ ಕರೆಂಟ್ ನಿಗದಿತ ಮಟ್ಟದ ಹತ್ತನೇ ಒಂದಕ್ಕೆ ಇಳಿದಾಗ ಸೆಲ್ ತುಂಬಿತೆಂದು ತಿಳಿಯುತ್ತದೆ. ಬೋರ್ಡ್‌ನಲ್ಲಿ 1.2 ಕಿಲೋಓಮ್ ರೆಸಿಸ್ಟರ್ ಇದ್ದರೆ ನಿಗದಿ 1 ಆಂಪಿಯರ್, ಅಂದರೆ 100 ಮಿಲಿಆಂಪಿಯರ್‌ಗೆ ಇಳಿಯಬೇಕು. ಹಾಡು ಒಂದೇ ಅದಕ್ಕಿಂತ ಹೆಚ್ಚು ಎಳೆಯುತ್ತಿದ್ದರೆ ಆ ಗಳಿಗೆ ಬರುವುದಿಲ್ಲ. ಚಾರ್ಜ್ ಮಾಡುವಾಗ ಸ್ವಿಚ್ ಆರಿಸಲು ಹೇಳಿ, ಡಬ್ಬದ ಮೇಲೂ ಬರೆದು ಅಂಟಿಸಿ. ಹಳೆಯ ಸೆಲ್ ಹಾಕುವುದಾದರೆ ಆ ರೆಸಿಸ್ಟರ್ ತೆಗೆದು 2 ಕಿಲೋಓಮ್‌ನದು ಹಾಕಿ, ಕರೆಂಟ್ 580 ಮಿಲಿಆಂಪಿಯರ್‌ಗೆ ಇಳಿದು ಸೆಲ್ ತಣ್ಣಗಿರುತ್ತದೆ.

ಹೊಸ ಸೆಲ್ ಬೆಸೆದ ಕೂಡಲೇ ಹೊರಗೆ ಸೊನ್ನೆ ವೋಲ್ಟ್ ತೋರಿಸಿದರೆ ಬೋರ್ಡ್ ಕೆಟ್ಟಿಲ್ಲ. ರಕ್ಷಣಾ ಚಿಪ್ ಬೀಗ ಹಾಕಿಕೊಂಡಿರುತ್ತದೆ, ಒಮ್ಮೆ ಚಾರ್ಜರ್ ಚುಚ್ಚಿದರೆ ತೆರೆದುಕೊಳ್ಳುತ್ತದೆ. ಇನ್ನೊಂದು: ಟೈಪ್ ಸಿ ಕಿಂಡಿಯ ಅಗ್ಗದ ಬೋರ್ಡ್‌ಗಳು ಹಳೆಯ ಚಪ್ಪಟೆ ಯುಎಸ್‌ಬಿ ತುದಿಯ ಕೇಬಲ್‌ನಲ್ಲಿ ಚಾರ್ಜ್ ಆಗಿ, ಎರಡೂ ಕಡೆ ಟೈಪ್ ಸಿ ಇರುವ ಕೇಬಲ್‌ನಲ್ಲಿ ಸತ್ತಂತೆ ಇರುತ್ತವೆ. ಅವುಗಳಲ್ಲಿ 5.1 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳನ್ನು ಹಾಕಿರುವುದಿಲ್ಲ. ಕೊಳ್ಳುವಾಗಲೇ ಎರಡೂ ಬಗೆಯ ಕೇಬಲ್‌ನಲ್ಲಿ ನೋಡಿ.

ಒಂದು ವಾರ ಮುಟ್ಟದೆ ಇಟ್ಟ ಪ್ಲೇಯರ್ ಖಾಲಿಯಾಗಿದ್ದರೆ ಸ್ವಿಚ್ ಆರಿಸಿರಲಿಲ್ಲ ಎಂದೇ ಅರ್ಥ. ಹಾಡು ನಿಲ್ಲಿಸಿದರೂ ಮಾಡ್ಯೂಲ್ 20 ಮಿಲಿಆಂಪಿಯರ್ ಸುತ್ತಮುತ್ತ ಕುಡಿಯುತ್ತಲೇ ಇರುತ್ತದೆ. 2600 ಎಂಎಎಚ್ ಸೆಲ್‌ಗೆ ಅದು 130 ಗಂಟೆ, ಐದೂವರೆ ದಿನ.

ಕಾರ್ಡ್ ಮತ್ತು ಫೈಲ್‌ಗಳು

ಈ ಮಾಡ್ಯೂಲ್ ಓದುವುದು 32 ಜಿಬಿವರೆಗಿನ ಕಾರ್ಡ್, ಫೈಲ್‌ಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ವಿನ್ಯಾಸ. 64 ಜಿಬಿ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಆಗಿ ಬರುತ್ತವೆ, ಇದಕ್ಕೆ ಓದಲು ಬರುವುದಿಲ್ಲ. ಹಾಡುಗಳ ಕ್ರಮ ತಪ್ಪಿದೆ ಎಂಬ ದೂರಿಗೆ ಕಾರಣ, ಅದು ಹೆಸರಿನ ಕ್ರಮದಲ್ಲಿ ಅಲ್ಲ, ಕಾರ್ಡ್‌ಗೆ ಬರೆದ ಕ್ರಮದಲ್ಲಿ ಹಾಡುತ್ತದೆ ಎಂಬುದು. ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಒಂದೊಂದಾಗಿ ನಿಮಗೆ ಬೇಕಾದ ಸರದಿಯಲ್ಲಿ ಹಾಕಿ. ಮೊದಲ ಕೆಲವು ಹಾಡು ಸರಿಯಾಗಿ ನಡೆದು ಉಳಿದವು ಗೊರಗೊರ ಎಂದರೆ ಕಾರ್ಡ್ ನಕಲಿ, ಹೇಳಿದಷ್ಟು ಜಾಗ ಅದರಲ್ಲಿ ಇಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ದನಿ ಸಂದೇಶವನ್ನು ಹಾಗೆಯೇ ಕಾರ್ಡ್‌ಗೆ ಹಾಕಿ ಹಾಡುತ್ತಿಲ್ಲ ಎನ್ನುವವರು ಈಚೆಗೆ ಬಹಳ. ಅದು ಓಪಸ್ ಬಗೆಯ ಫೈಲ್. ಮೊಬೈಲ್ ರೆಕಾರ್ಡರ್‌ನಿಂದ ಬಂದದ್ದು ಹೆಚ್ಚಾಗಿ ಎಂ4ಎ. ಹೆಸರಿನ ಕೊನೆಯನ್ನು ಎಂಪಿ3 ಎಂದು ಬದಲಿಸಿದ ಮಾತ್ರಕ್ಕೆ ಒಳಗಿನದು ಬದಲಾಗುವುದಿಲ್ಲ. ಆಡಾಸಿಟಿಯಲ್ಲಿ ತೆರೆದು ಎಂಪಿ3 ಆಗಿ ಹೊಸದಾಗಿ ಉಳಿಸಿ, ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಮನೆಯ ಹಿರಿಯರ ದನಿ ಇರುವ ಒಂದೇ ಪ್ರತಿ ಅದಾಗಿರಬಹುದು. ರಿಪೇರಿಗೆ ಬಂದ ಕಾರ್ಡನ್ನು ಪೂರ್ತಿ ನಕಲು ಮಾಡಿಕೊಳ್ಳದೆ ನಾನು ಫಾರ್ಮ್ಯಾಟ್ ಗುಂಡಿ ಒತ್ತುವುದಿಲ್ಲ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೇ ಬೆವರುತ್ತದೆ. ಆಗ ಬರುವ ವಿಶೇಷ ದೋಷ, ಯಾರೂ ಮುಟ್ಟದೆಯೇ ಹಾಡು ಬದಲಾಗುವುದು, ದನಿ ತಾನಾಗಿ ಇಳಿಯುವುದು. ಬೆಸುಗೆಗೆ ಬಳಸಿದ ಪೇಸ್ಟ್ ಗುಂಡಿಯ ಕಾಲುಗಳ ನಡುವೆ ಉಳಿದು, ತೇವ ಹೀರಿ, ಕರೆಂಟ್ ಸೋರುವ ದಾರಿಯಾಗುತ್ತದೆ. ಮಾಡ್ಯೂಲ್‌ಗೆ ಗುಂಡಿ ಒತ್ತಿದಂತೆಯೇ ಕಾಣುತ್ತದೆ. ಗುಂಡಿಯ ವೈರನ್ನು ಮಾಡ್ಯೂಲ್‌ನಿಂದ ಬಿಚ್ಚಿ, ಒತ್ತದೆ ಅದರ ಎರಡು ಕಾಲುಗಳ ನಡುವೆ ತಡೆ ಅಳೆಯಿರಿ. ಮೀಟರ್ ಏನನ್ನೂ ತೋರಿಸಬಾರದು. ಯಾವುದಾದರೂ ಅಂಕಿ ಕುಣಿದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಣಗಿಸಿ, ಬೆಸುಗೆಗಳ ಮೇಲೆ ವಾರ್ನಿಶ್ ಬಳಿಯಿರಿ. ಕಾರ್ಡ್ ಕಿಂಡಿಗೆ, ಜ್ಯಾಕ್‌ಗೆ ವಾರ್ನಿಶ್ ತಾಗಬಾರದು.

ಒದ್ದೆಯಾದ ಪ್ಲೇಯರನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಡುವುದು ನಮ್ಮಲ್ಲಿ ರೂಢಿ. ಸೆಲ್ ಒಳಗಿರುವಾಗ ಖಂಡಿತ ಇಡಬೇಡಿ. ಲಿಥಿಯಂ ಸೆಲ್‌ಗೆ ಆ ಕಾವು ಅಪಾಯ, ಮೈ ಉಬ್ಬಿದ ಸೆಲ್ ಬೆಂಕಿಗೆ ದಾರಿ. ಸೆಲ್ ಸುಲಭವಾಗಿ ಹೊರತೆಗೆಯಬಹುದಾದ ಹೋಲ್ಡರ್ ಹಾಕಿಕೊಟ್ಟರೆ ಈ ಭಯ ಅರ್ಧ ಕಡಿಮೆಯಾಗುತ್ತದೆ. ಹೋಲ್ಡರ್‌ನ ಸ್ಪ್ರಿಂಗ್ ತುಕ್ಕು ಹಿಡಿಯದಂಥದ್ದು ಇರಲಿ, ಇಲ್ಲವಾದರೆ ಮೇಲೆ ಹೇಳಿದ ವೋಲ್ಟೇಜ್ ಕಳ್ಳ ಅಲ್ಲಿಯೇ ಬಂದು ಕೂರುತ್ತಾನೆ.

ಬೆಲೆ

ಹೊಸಬರು ಬಿಡಿಭಾಗಗಳ ಬಿಲ್ಲಿನ ಮೇಲೆ ನೂರು ಇನ್ನೂರು ಸೇರಿಸಿ ಮಾರುತ್ತಾರೆ. ಎರಡು ಪ್ಲೇಯರ್ ವಾಪಸು ಬಂದಾಗ ಆ ಲಾಭ ಹೋಗಿರುತ್ತದೆ. ನಾನು ಲೆಕ್ಕ ಹಾಕುವ ಬಗೆ ಇದು. ಅಂಕಿಗಳು ಉದಾಹರಣೆಗೆ ಮಾತ್ರ. ಬಿಡಿಭಾಗಕ್ಕೆ 800 ರೂಪಾಯಿ ಬಿತ್ತು ಎಂದುಕೊಳ್ಳಿ. ಕೊಂಡದ್ದರಲ್ಲಿ ಕೆಲವು ಕೆಟ್ಟೇ ಬರುತ್ತವೆ, ಅದಕ್ಕೆ ಹತ್ತನೇ ಒಂದು ಭಾಗ, 80. ಕಟ್ಟಿ ಪರೀಕ್ಷಿಸಲು ಎರಡು ಗಂಟೆ, ಗಂಟೆಗೆ 150ರಂತೆ 300. ಹತ್ತರಲ್ಲಿ ಒಂದು ವಾಪಸು ಬಂದು ಅದಕ್ಕೆ 500 ಖರ್ಚಾಗುತ್ತದೆ ಎಂದಾದರೆ ಒಂದೊಂದರ ಮೇಲೂ 50. ಒಟ್ಟು 1230. ಇದರ ಕೆಳಗೆ ಮಾರಿದರೆ ನಿಮ್ಮ ದುಡಿಮೆಯನ್ನು ಬಿಟ್ಟಿ ಕೊಟ್ಟಂತೆ. ಎಂಪಿ3ಗೆ ಪೇಟೆಂಟ್ ಶುಲ್ಕ ಸೇರಿಸಬೇಕೆ ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದ. ಆ ಪರವಾನಗಿ ವ್ಯವಸ್ಥೆ 2017ರ ಏಪ್ರಿಲ್‌ನಲ್ಲೇ ಕೊನೆಗೊಂಡಿದೆ. ಆದರೆ ಹಾಡುಗಳ ಹಕ್ಕು ಬೇರೆ ಮಾತು: ಸಿನಿಮಾ ಹಾಡು ತುಂಬಿಸಿ ಮಾರಬೇಡಿ, ಖಾಲಿ ಕಾರ್ಡ್ ಕೊಡಿ.

ಇದೇ ಬೆಲೆಗೆ ಅಂಗಡಿಯಲ್ಲಿ ಬ್ಲೂಟೂತ್ ಸ್ಪೀಕರ್ ಸಿಗುತ್ತದಲ್ಲ ಎನ್ನುವವರಿಗೆ ಹೌದು ಎಂದೇ ಹೇಳುತ್ತೇನೆ. ಅದರ ಜೊತೆ ಬೆಲೆಯಲ್ಲಿ ಸ್ಪರ್ಧೆ ಸಾಧ್ಯವಿಲ್ಲ. ನಾವು ಮಾರುವುದು ಬಿಚ್ಚಿ ಸರಿಮಾಡಬಹುದಾದ ವಸ್ತುವನ್ನು. ಹಾಗಿದ್ದರೆ ಅದು ಪದೇ ಪದೇ ಕೆಡಬಾರದು, ಏಕೆಂದರೆ ಇಲ್ಲಿ ದೋಷದ ಬೆಲೆ ತೆರುವವರು ಗಿರಾಕಿಗಳೇ. ನಾಪೋಕ್ಲು ಕಡೆಯ ತೋಟದಿಂದ ಒಬ್ಬರು ವಿರಾಜಪೇಟೆಗೆ ಬರಬೇಕೆಂದರೆ ಬಸ್ ಚಾರ್ಜ್ ಮತ್ತು ಅರ್ಧ ದಿನದ ಕೂಲಿ ಸೇರಿ 350 ರೂಪಾಯಿ ಹೋಯಿತು ಎಂದಿಟ್ಟುಕೊಳ್ಳಿ. ನಮ್ಮ ಒಂದು ಗಂಟೆ 150. ಒಂದು ವಾಪಸಾತಿಗೆ ಒಟ್ಟು 500. ಒಳ್ಳೆಯ ಸೆಲ್‌ಗೆ 150 ಹೆಚ್ಚು ಕೊಟ್ಟು, ಮೂರರಲ್ಲಿ ಒಂದು ಪ್ಲೇಯರ್ ವಾಪಸು ಬರುವುದು ತಪ್ಪಿದರೂ ಇಬ್ಬರಿಗೂ ಸೇರಿ ಉಳಿತಾಯವೇ. ಈ ಕಾರಣಕ್ಕೆ ಸೆಲ್, ಸ್ವಿಚ್, ಕಾರ್ಡ್, ಜ್ಯಾಕ್ ಈ ನಾಲ್ಕರಲ್ಲಿ ನಾನು ರಾಜಿಯಾಗುವುದಿಲ್ಲ. ಉಳಿಸಬೇಕೆಂದರೆ ಡಬ್ಬದಲ್ಲಿ ಉಳಿಸಿ: ಅಚ್ಚುಕಟ್ಟಾಗಿ ಕೊರೆದ ಪ್ಲಾಸ್ಟಿಕ್ ಊಟದ ಡಬ್ಬಿ ಸಾಕು, ಮೂರು ಆಯಾಮದ ಮುದ್ರಣ ಬೇಕಿಲ್ಲ. ಪರದೆ ಬೇಡ. ಬಣ್ಣದ ದೀಪಗಳು ಬೇಡ.

ಕೊಡುವ ಮುನ್ನ ಡಬ್ಬದ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ. ಅದರಲ್ಲಿ ಕಟ್ಟಿದ ತಿಂಗಳು, ಸೆಲ್‌ನ ಒಳತಡೆ, ಪೂರ್ತಿ ದನಿಯಲ್ಲಿ ನೆಗೆಟಿವ್ ಬದಿಯ ಮತ್ತು ಪಾಸಿಟಿವ್ ಬದಿಯ ವೋಲ್ಟೇಜ್ ಇಳಿತ, ಇಷ್ಟು ಬರೆಯಿರಿ. ಮುಂದೆ ಅದು ಯಾರ ಮೇಜಿಗೆ ಬಂದರೂ ಅದೇ ಸ್ವರ ಹಾಕಿ, ಅದೇ ಜಾಗಗಳಲ್ಲಿ ಅಳೆದು, ಯಾವ ಅಂಕಿ ಏರಿದೆ ಎಂದು ನೋಡಿ ಅಲ್ಲಿಂದಲೇ ಕೆಲಸ ಶುರು ಮಾಡಬಹುದು.